ಆರೋಗ್ಯದ ದಾಖಲೆ ಇಡುವ ಜಾಲತಾಣ: ನಂಬುವ ಮೊದಲು ಕೇಳಬೇಕಾದ ಆರು ಪ್ರಶ್ನೆಗಳು



ಸಂಘದ ವೈದ್ಯಕೀಯ ನೆರವು ಸಮಿತಿಗೆ ಬರುವ ಅರ್ಜಿಗಳನ್ನು ಪರಿಶೀಲಿಸುವ ಕೆಲಸ ನನ್ನದು. ನೆರವು ಕೇಳಿ ಬರುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಪ್ಲಾಸ್ಟಿಕ್ ಚೀಲ ಇರುತ್ತದೆ. ಅದರಲ್ಲಿ ಮಡಚಿದ ಎಕ್ಸ್‌ರೇ, ಗೆರೆ ಮಾಸಿದ ಇಸಿಜಿ, ಔಷಧಿ ಅಂಗಡಿಯ ಬಿಲ್ಲು, ಯಾವ ವರ್ಷದ್ದೆಂದು ತಿಳಿಯದ ಚೀಟಿ ಎಲ್ಲವೂ ಇರುತ್ತವೆ. ಬೇಕಾದ ಒಂದು ಕಾಗದ ಮಾತ್ರ ಇರುವುದಿಲ್ಲ.

ಕಳೆದ ಮಳೆಗಾಲದಲ್ಲಿ ನಮ್ಮವರೊಬ್ಬರು ಕಾಲು ಊದಿಕೊಂಡು ಆಸ್ಪತ್ರೆ ಸೇರಿದರು. ಕುಂದಾಪುರದ ಕಡೆಯವರು, ಮುಂಬಯಿಯ ಕ್ಯಾಂಟೀನೊಂದರಲ್ಲಿ ಅಡುಗೆ ಕೆಲಸ. ರಕ್ತದಲ್ಲಿ ಕ್ರಿಯಾಟಿನಿನ್ 4 ದಾಟಿತ್ತು. ವೈದ್ಯರು ಕೇಳಿದ ಮೊದಲ ಪ್ರಶ್ನೆ, "ಹಿಂದೆ ಎಷ್ಟಿತ್ತು?" ಮೂತ್ರಪಿಂಡದ ತೊಂದರೆ ಈಚೆಗೆ ಹಠಾತ್ತಾಗಿ ಬಂದದ್ದೋ, ಮೂರು ತಿಂಗಳಿಗೂ ಮೀರಿ ಇದ್ದದ್ದೋ ಎಂಬುದರ ಮೇಲೆ ಚಿಕಿತ್ಸೆಯ ದಾರಿಯೇ ಬೇರೆಯಾಗುತ್ತದೆ. ಸಕ್ಕರೆ ಕಾಯಿಲೆಗಾಗಿ ಅವರು ಎರಡು ವರ್ಷದಿಂದ ಪರೀಕ್ಷೆ ಮಾಡಿಸುತ್ತಲೇ ಇದ್ದರು. ಆದರೆ ಕಾಗದಗಳು ಚಾಳಿನ ಮನೆಯಲ್ಲಿ ಹಿಂದಿನ ವರ್ಷದ ಮಳೆಗೆ ನೆನೆದು ಹೋಗಿದ್ದವು.

ಆಗ ಅವರ ಮಗಳು ನನ್ನ ಮುಖ ನೋಡಿ ಹೇಳಿದಳು: "ಅಂಕಲ್, ಎಲ್ಲ ರಿಪೋರ್ಟೂ ಆ ವೆಬ್‌ಸೈಟಿಗೆ ಹಾಕಿಡಿ ಅಂತ ನೀವೇ ಹೇಳಿದ್ರಲ್ಲ? ಹಾಕಿದ್ದೆ. ಈಗ ಅದು ತೆರೆಯೋದೇ ಇಲ್ಲ."

ಹೌದು, ಹೇಳಿದ್ದು ನಾನೇ. ಸಂಘದ ಆರೋಗ್ಯ ಶಿಬಿರದಲ್ಲಿ, ಉಚಿತ ಮತ್ತು ನೋಡಲು ಚೆನ್ನಾಗಿದೆ ಎಂಬ ಎರಡೇ ಕಾರಣಕ್ಕೆ ನಾನು ಆ ತಾಣವನ್ನು ಹತ್ತಾರು ಮನೆಗಳಿಗೆ ಸೂಚಿಸಿದ್ದೆ. ಅದು ಮುಚ್ಚಿ ತಿಂಗಳುಗಳಾಗಿದ್ದವು. ಮುಚ್ಚುವ ಸೂಚನೆ ಬಂದಿದ್ದ ಇಮೇಲನ್ನು ಆ ಮನೆಯಲ್ಲಿ ಯಾರೂ ತೆರೆದಿರಲಿಲ್ಲ. ಕೊನೆಗೆ ಆ ಹುಡುಗಿ ಸ್ಟೇಶನ್ ಬಳಿಯ ಹಳೆಯ ಲ್ಯಾಬಿಗೆ ಎರಡು ಸಲ ಅಲೆದು, ಅವರ ಕಂಪ್ಯೂಟರಿನಿಂದ ಹದಿನಾಲ್ಕು ತಿಂಗಳ ಹಿಂದಿನ ಒಂದು ವರದಿ ತಂದಳು. ಕ್ರಿಯಾಟಿನಿನ್ ಆಗಲೇ 2.6. ಅಷ್ಟರಲ್ಲಿ ನಾಲ್ಕು ದಿನ ಕಳೆದಿತ್ತು. ಮತ್ತೊಮ್ಮೆ ಮಾಡಿಸಿದ ಪರೀಕ್ಷೆಗಳ ಖರ್ಚು ನೀವು ಕೊಟ್ಟ ದೇಣಿಗೆಯಿಂದಲೇ ಹೋಗಿತ್ತು.

ಆ ತಪ್ಪಿನ ನಂತರ ನಾನೂ ಸಮಿತಿಯ ಇಬ್ಬರು ಯುವ ಸದಸ್ಯರೂ ಕೂತು ಇಂಥ ತಾಣಗಳನ್ನು, ಆ್ಯಪ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿದೆವು. ಹೀಗೆ ಕಲಿತದ್ದನ್ನು ಆರು ಪ್ರಶ್ನೆಗಳಾಗಿ ಇಲ್ಲಿ ಕೊಡುತ್ತಿದ್ದೇನೆ.

1. ನಡೆಸುವವರು ಯಾರು? ನಾಳೆ ಮುಚ್ಚಿದರೆ?

ದೊಡ್ಡ ಹೆಸರಿದ್ದರೆ ಬಾಳಿಕೆ ಬರುತ್ತದೆ ಎಂದು ನಾವು ತಿಳಿಯುತ್ತೇವೆ. ಗೂಗಲ್ ಹೆಲ್ತ್ ಎಂಬ ಸೇವೆ 2008ರಲ್ಲಿ ಶುರುವಾಗಿ 2012ರ ಜನವರಿ 1ಕ್ಕೆ ನಿಂತಿತು. ನಿರೀಕ್ಷಿಸಿದಷ್ಟು ಜನ ಬಳಸಲಿಲ್ಲ ಎಂಬುದು ಕಂಪನಿ ಕೊಟ್ಟ ಕಾರಣ. ದಾಖಲೆ ಇಳಿಸಿಕೊಳ್ಳಲು ಇನ್ನೊಂದು ವರ್ಷ ಅವಕಾಶ ಕೊಟ್ಟರು. ಮೈಕ್ರೋಸಾಫ್ಟಿನ ಹೆಲ್ತ್‌ವಾಲ್ಟ್ 2007ರಲ್ಲಿ ಆರಂಭವಾಗಿ 2019ರ ನವೆಂಬರ್ 20ರಂದು ಮುಚ್ಚಿತು. ಅಂಥ ಕಂಪನಿಗಳೇ ಕೈಬಿಟ್ಟ ಕೆಲಸವನ್ನು ಹೊಸ ಕಂಪನಿಯೊಂದು ಉಚಿತವಾಗಿ ಮಾಡುತ್ತೇನೆ ಎಂದರೆ, ಅದರ ಆದಾಯ ಎಲ್ಲಿಂದ ಎಂದು ಕೇಳಬೇಕು. ಮಧುಮೇಹದ ರೋಗಿಗೆ ದಾಖಲೆ ಇಪ್ಪತ್ತು ಮೂವತ್ತು ವರ್ಷ ಬೇಕು. ಯಾವ ತಾಣವೂ ಅಷ್ಟು ಕಾಲದ ಮಾತು ಕೊಡಲಾರದು. ಆದ್ದರಿಂದ ಎರಡನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯ.

2. ಹಾಕಿದ್ದನ್ನು ಹೊರಗೆ ತೆಗೆಯಬಹುದೇ?

ತಾಣದ ಸೆಟ್ಟಿಂಗ್ಸಿನಲ್ಲಿ 'ಡೌನ್‌ಲೋಡ್' ಅಥವಾ 'ಎಕ್ಸ್‌ಪೋರ್ಟ್' ಇದೆಯೇ ನೋಡಿ. ಇದ್ದರೆ ಯಾವ ರೂಪದಲ್ಲಿ ಕೊಡುತ್ತದೆ ಎಂದು ಒತ್ತಿ ನೋಡಿ. ಪಿಡಿಎಫ್ ಆದರೆ ಮನುಷ್ಯರು ಓದಬಹುದು, ಮುದ್ರಿಸಬಹುದು. ಸಿಎಸ್‌ವಿ ಆದರೆ ಎಕ್ಸೆಲ್‌ನಲ್ಲಿ ತೆರೆದು ಬೇರೆ ಕಡೆಗೆ ಸಾಗಿಸಬಹುದು. ಎರಡೂ ಸಿಕ್ಕರೆ ಉತ್ತಮ. ಒಂದೊಂದೇ ಪುಟದ ಸ್ಕ್ರೀನ್‌ಶಾಟ್ ತೆಗೆಯಬೇಕಾದ ತಾಣ ನಮ್ಮ ಪಟ್ಟಿಯಲ್ಲಿ ಅಲ್ಲಿಗೇ ಅನುತ್ತೀರ್ಣ. ಒಳಗೆ ಹೋಗಲು ಬಾಗಿಲು, ಹೊರಗೆ ಬರಲು ಕಿಂಡಿಯೂ ಇಲ್ಲ ಎಂಬ ಮನೆಯಲ್ಲಿ ಯಾರೂ ಸಾಮಾನು ಇಡುವುದಿಲ್ಲ.

3. ಇಟ್ಟಿರುವುದು ಚಿತ್ರವೋ, ಸಂಖ್ಯೆಯೋ?

ವರದಿಯ ಫೋಟೊ ಹಾಕಿದರೆ ತಾಣಕ್ಕೆ ಅದು ಬರೀ ಚಿತ್ರ. ಎರಡು ವರ್ಷದಲ್ಲಿ ಕ್ರಿಯಾಟಿನಿನ್ ಏರಿತೋ ಇಳಿಯಿತೋ ಎಂಬ ಗೆರೆ ಎಳೆಯಬೇಕಾದರೆ ಸಂಖ್ಯೆ ಬೇಕು. ಕೆಲವು ತಾಣಗಳು ಫೋಟೊದಿಂದ ತಾವೇ ಸಂಖ್ಯೆ ಓದಿಕೊಳ್ಳುತ್ತವೆ. ಮಡಿಕೆ ಬಿದ್ದ ಕಾಗದದಲ್ಲಿ 1.4ರ ಚುಕ್ಕೆ ಕಾಣದೆ 14 ಎಂದು ಓದಿದ್ದನ್ನು ನಾನೇ ನೋಡಿದ್ದೇನೆ. ಯಂತ್ರ ಓದಿದ್ದನ್ನು ಮೂಲದ ಜೊತೆ ಹೋಲಿಸಿ ತಿದ್ದಲು ಅವಕಾಶ ಇರಬೇಕು. ಮೂಲ ಫೋಟೊವೂ ಪಕ್ಕದಲ್ಲೇ ಉಳಿಯಬೇಕು.

ಸಂಖ್ಯೆಯ ಜೊತೆಗೆ ಅದರ ಅಳತೆಯ ಘಟಕವೂ ಬೇಕು. ನಮ್ಮ ಲ್ಯಾಬುಗಳು ರಕ್ತದ ಸಕ್ಕರೆಯನ್ನು ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಬರೆಯುತ್ತವೆ. ಹಲವು ದೇಶಗಳಲ್ಲಿ ಲೀಟರಿಗೆ ಇಷ್ಟು ಮಿಲಿಮೋಲ್ ಎಂದು ಬರೆಯುತ್ತಾರೆ. ನಮ್ಮ 126 ಅವರ 7. ಹೆಚ್ಚುಕಡಿಮೆ 18ರಿಂದ ಭಾಗಿಸಿದ ಲೆಕ್ಕ. ಹೊರದೇಶದ ತಾಣದಲ್ಲಿ ಘಟಕ ಬದಲಿಸದೆ ಅಂಕಿ ತುಂಬಿದರೆ ಅದು ಕೊಡುವ ಎಚ್ಚರಿಕೆಗೆ ಅರ್ಥವಿಲ್ಲ. ದಿನಾಂಕ, ಲ್ಯಾಬಿನ ಹೆಸರು, ಬರಿಹೊಟ್ಟೆಯಲ್ಲಿ ತೆಗೆದದ್ದೋ ಊಟದ ನಂತರವೋ ಎಂಬುದನ್ನೂ ಬರೆಯಲು ಜಾಗ ಇರಬೇಕು.

ಇಲ್ಲಿ ಎರಡು ತಾಂತ್ರಿಕ ಹೆಸರು ತಿಳಿದಿರಲಿ. 'ಲಾಯಿಂಕ್' ಎಂಬುದು ಪ್ರತಿಯೊಂದು ಪರೀಕ್ಷೆಗೂ ಕೊಟ್ಟಿರುವ ಸಂಕೇತ ಸಂಖ್ಯೆ. ಊರಿನ ಹೆಸರನ್ನು ಹೇಗೆ ಬರೆದರೂ ಪಿನ್ ಕೋಡ್ ಒಂದೇ ಆಗಿರುವ ಹಾಗೆ, ಲ್ಯಾಬು ಪರೀಕ್ಷೆಯನ್ನು ಯಾವ ಹೆಸರಿನಿಂದ ಕರೆದರೂ ಸಂಕೇತ ಒಂದೇ. 'ಫೈರ್' ಎಂಬುದು ಒಂದು ಆಸ್ಪತ್ರೆಯ ಕಂಪ್ಯೂಟರು ಇನ್ನೊಂದಕ್ಕೆ ದಾಖಲೆ ಕಳಿಸುವಾಗ ತುಂಬುವ ಸಮಾನ ನಮೂನೆ. ಬೆಂಕಿಗೂ ಅದಕ್ಕೂ ಸಂಬಂಧವಿಲ್ಲ, ಇಂಗ್ಲಿಷ್ ಅಕ್ಷರಗಳ ಜೋಡಣೆ ಅಷ್ಟೇ. ಇವನ್ನು ಬಳಸುವ ತಾಣದ ದಾಖಲೆ ಬೇರೆ ಕಡೆಯೂ ಓದಲು ಬರುತ್ತದೆ.

4. ಸಂಖ್ಯೆ ಎಲ್ಲಿಂದ ಬಂತು?

ಲ್ಯಾಬಿನ ವರದಿ, ಮನೆಯ ಗ್ಲೂಕೋಮೀಟರ್, ಕೈಗಡಿಯಾರ, ನಾವೇ ಅಂದಾಜಿಗೆ ತುಂಬಿದ್ದು: ಈ ನಾಲ್ಕರ ತೂಕ ಒಂದೇ ಅಲ್ಲ. ಸ್ಮಾರ್ಟ್ ವಾಚು ಹಸಿರು ಬೆಳಕನ್ನು ಚರ್ಮದ ಮೇಲೆ ಬಿಟ್ಟು, ರಕ್ತ ಹರಿದಂತೆ ಆ ಬೆಳಕು ಮರಳುವುದರಲ್ಲಿ ಆಗುವ ಏರಿಳಿತದಿಂದ ನಾಡಿ ಎಣಿಸುತ್ತದೆ. ಕೈ ಆಡಿಸುವಾಗ, ಪಟ್ಟಿ ಸಡಿಲವಿದ್ದಾಗ ಎಣಿಕೆ ತಪ್ಪುತ್ತದೆ. ರಕ್ತದೊತ್ತಡಕ್ಕಂತೂ ತೋಳಿಗೆ ಪಟ್ಟಿ ಸುತ್ತುವ ಯಂತ್ರವೇ ಸರಿ. ಐದು ನಿಮಿಷ ಬೆನ್ನು ಒರಗಿಸಿ ಸುಮ್ಮನೆ ಕೂತು, ತೋಳನ್ನು ಎದೆಯ ಮಟ್ಟದಲ್ಲಿಟ್ಟು ಅಳೆಯಬೇಕು. ಮೂರು ಮಹಡಿ ಹತ್ತಿ ಬಂದು ಅಳೆದ ಅಂಕಿ ದಾಖಲಾದರೆ ವೈದ್ಯರ ದಾರಿ ತಪ್ಪುತ್ತದೆ. ಹಾಗೆಯೇ ಎಚ್‌ಬಿಎ1ಸಿ ಪರೀಕ್ಷೆ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಚಿತ್ರ ಕೊಡುತ್ತದೆ. ಇವತ್ತು ಬೆಳಿಗ್ಗೆ ಬೆರಳು ಚುಚ್ಚಿ ನೋಡಿದ ಒಂದು ಅಂಕಿ ಅದಕ್ಕೆ ಬದಲಿ ಅಲ್ಲ. ಒಳ್ಳೆಯ ತಾಣ ಪ್ರತಿ ಸಂಖ್ಯೆಯ ಪಕ್ಕದಲ್ಲೂ ಅದರ ಮೂಲವನ್ನು ತೋರಿಸುತ್ತದೆ.

5. ಯಾರು ಯಾರು ನೋಡುತ್ತಾರೆ?

ವಿಳಾಸದ ಮುಂದೆ ಬೀಗದ ಚಿಹ್ನೆ ಇದ್ದರೆ ಮಾಹಿತಿ ದಾರಿಯಲ್ಲಿ ಕಳುವಾಗದು ಎಂದಷ್ಟೇ ಅರ್ಥ. ತಲುಪಿದ ಮೇಲೆ ಕಂಪನಿ ಅದನ್ನು ಏನು ಮಾಡುತ್ತದೆ ಎಂಬುದು ಬೇರೆ ಮಾತು. ಅಮೆರಿಕದಲ್ಲಿ ಔಷಧಿಗೆ ರಿಯಾಯಿತಿ ಕೊಡಿಸುವ ಗುಡ್‌ಆರ್‌ಎಕ್ಸ್ ಎಂಬ ಕಂಪನಿ ಬಳಕೆದಾರರ ಆರೋಗ್ಯ ಮಾಹಿತಿಯನ್ನು ಜಾಹೀರಾತು ಕಂಪನಿಗಳಿಗೆ ಕೊಟ್ಟಿತೆಂಬ ಆರೋಪ ಬಂತು. 2023ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಜೊತೆಗಿನ ಒಪ್ಪಂದದಲ್ಲಿ ಅದು 15 ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಿತು. ನಮ್ಮಲ್ಲೂ ಸಂಸತ್ತು 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯನ್ನು ಅಂಗೀಕರಿಸಿದೆ. ಒಪ್ಪಿಗೆ ಸ್ಪಷ್ಟವಾಗಿರಬೇಕು, ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಲು ಬರಬೇಕು, ಮಾಹಿತಿ ತಿದ್ದಲು ಮತ್ತು ಅಳಿಸಲು ಕೇಳುವ ಹಕ್ಕು ನಮಗಿರಬೇಕು ಎಂಬುದು ಅದರ ಸಾರ. ಆದ್ದರಿಂದ 'ಖಾತೆ ಅಳಿಸಿ' ಎಂಬ ಗುಂಡಿ ಎಲ್ಲಿದೆ ಎಂದು ಮೊದಲ ದಿನವೇ ಹುಡುಕಿ. ಕಾಯಿಲೆಯ ಹೆಸರು ಬರೆದ ಮರುದಿನವೇ ಅದೇ ಕಾಯಿಲೆಯ ಔಷಧಿಯ ಜಾಹೀರಾತು ಬರತೊಡಗಿದರೆ ಜಾಗ್ರತೆ.

6. ನಮ್ಮ ಮನೆಯವರಿಗೆ ಬಳಸಲು ಬರುತ್ತದೆಯೇ?

ಊರು ಬಿಟ್ಟು ಬಂದ ನಮ್ಮ ಮನೆಗಳ ದೊಡ್ಡ ತೊಡಕು ಮೊಬೈಲ್ ನಂಬರು. ರೀಚಾರ್ಜ್ ಮಾಡದೆ ಸಿಮ್ ಹೋಯಿತು, ಹೊಸದು ತೆಗೆದುಕೊಂಡರು. ಓಟಿಪಿ ಹಳೆಯ ನಂಬರಿಗೇ ಹೋಗುತ್ತದೆ. ನಂಬರು ಬದಲಿಸುವ ದಾರಿ ಸುಲಭವಿದೆಯೇ? ಊರಿನಲ್ಲಿರುವ ಅಪ್ಪ ಅಮ್ಮನ ದಾಖಲೆಯನ್ನು ಮುಂಬಯಿಯಲ್ಲಿರುವ ಮಗಳು ಅವರ ಒಪ್ಪಿಗೆಯಿಂದ ನೋಡಬಹುದೇ? ಅಕ್ಷರ ದೊಡ್ಡದಾಗುತ್ತದೆಯೇ? ಕನ್ನಡ ಇದೆಯೇ? ನೆಟ್ ಇಲ್ಲದ ವಾರ್ಡಿನಲ್ಲಿ ತೆರೆಯುತ್ತದೆಯೇ?

ಆಭಾ ಬಗ್ಗೆ ಎರಡು ಮಾತು

ಕೇಂದ್ರ ಸರ್ಕಾರದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ 2021ರ ಸೆಪ್ಟೆಂಬರ್ 27ರಂದು ದೇಶಾದ್ಯಂತ ಆರಂಭವಾಯಿತು. ಇದರಡಿ ಸಿಗುವ 14 ಅಂಕಿಯ ಆಭಾ ಸಂಖ್ಯೆಯನ್ನು ಅನೇಕರು ಚಿಕಿತ್ಸೆಯ ವಿಮೆ ಎಂದು ತಿಳಿದಿದ್ದಾರೆ. ಅಲ್ಲ. ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಕೊಡುವ ಆಯುಷ್ಮಾನ್ ಕಾರ್ಡು ಬೇರೆ, ಆಭಾ ಬೇರೆ. ಆಭಾ ದಾಖಲೆಗಳನ್ನು ಒಂದು ಹೆಸರಿಗೆ ಜೋಡಿಸುವ ಕೊಂಡಿ ಮಾತ್ರ. ಇದು ಐಚ್ಛಿಕ. ದಾಖಲೆ ಹುಟ್ಟಿದ ಆಸ್ಪತ್ರೆ ಅಥವಾ ಲ್ಯಾಬಿನಲ್ಲೇ ಇರುತ್ತದೆ. ನಾವು ಒಪ್ಪಿಗೆ ಕೊಟ್ಟಾಗ, ಕೊಟ್ಟಷ್ಟು ಅವಧಿಗೆ ಇನ್ನೊಬ್ಬ ವೈದ್ಯರಿಗೆ ಕಾಣುತ್ತದೆ. ಆ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬಹುದು. ವಿನಿಮಯಕ್ಕೆ ಬಳಸುವುದು ಮೇಲೆ ಹೇಳಿದ ಫೈರ್ ನಮೂನೆಯನ್ನೇ.

ನಮ್ಮ ಆರು ಪ್ರಶ್ನೆಗಳಲ್ಲಿ ಒಪ್ಪಿಗೆ ಮತ್ತು ವಿನಿಮಯದ ವಿಷಯದಲ್ಲಿ ಇದಕ್ಕೆ ಒಳ್ಳೆಯ ಅಂಕ. ಕೊರತೆ ಏನೆಂದರೆ, ಈ ಜಾಲಕ್ಕೆ ಸೇರದ ಸಣ್ಣ ನರ್ಸಿಂಗ್ ಹೋಮು, ಗಲ್ಲಿಯ ಲ್ಯಾಬುಗಳ ವರದಿ ತಾನಾಗಿ ಬರುವುದಿಲ್ಲ. ನಮ್ಮ ಅರ್ಜಿದಾರರು ಹೆಚ್ಚಾಗಿ ಹೋಗುವುದು ಅಲ್ಲಿಗೇ. ಆದ್ದರಿಂದ ಆಭಾ ಮಾಡಿಸಿ, ಆದರೆ ಅದೊಂದನ್ನೇ ನೆಚ್ಚಿಕೊಂಡು ಕಾಗದ ಬಿಸಾಡಬೇಡಿ.

ಅರ್ಧ ಗಂಟೆಯ ಪರೀಕ್ಷೆ

ಯಾವುದೇ ತಾಣವನ್ನು ಒಪ್ಪುವ ಮೊದಲು ಮೂರು ಹಳೆಯ ವರದಿ ಹಾಕಿ. ಒಂದು ಸಂಖ್ಯೆಯನ್ನು ಬೇಕೆಂದೇ ತಪ್ಪಾಗಿ ತುಂಬಿ, ತಿದ್ದಲು ಬರುತ್ತದೆಯೇ ನೋಡಿ. ಮೂರನ್ನೂ ಡೌನ್‌ಲೋಡ್ ಮಾಡಿ ಮತ್ತೊಂದು ಫೋನಿನಲ್ಲಿ ತೆರೆಯಿರಿ. ಕೊನೆಗೆ ಒಂದನ್ನು ಅಳಿಸಿ. ನಾಲ್ಕೂ ಆದರೆ ಮಾತ್ರ ಮುಂದಿನ ಹೆಜ್ಜೆ. ಆ ಮೇಲೂ ಮೂರು ತಿಂಗಳಿಗೊಮ್ಮೆ ಡೌನ್‌ಲೋಡ್ ಮಾಡಿ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ, ಮುಖ್ಯ ವರದಿಗಳ ಜೆರಾಕ್ಸ್ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಇಡಿ. ಥರ್ಮಲ್ ಕಾಗದದ ಇಸಿಜಿ ಮಾಸಿ ಹೋಗುತ್ತದೆ. ಅದರ ಜೆರಾಕ್ಸ್ ಕೂಡಲೇ ಮಾಡಿಸಿ. ರಕ್ತದ ಗುಂಪು, ಅಲರ್ಜಿ, ಈಗ ತೆಗೆದುಕೊಳ್ಳುವ ಮಾತ್ರೆಗಳು, ಮನೆಯವರ ನಂಬರು ಬರೆದ ಒಂದು ಚೀಟಿ ಪರ್ಸಿನಲ್ಲಿರಲಿ.

ನಿಮ್ಮಲ್ಲಿ ವಿನಂತಿ

ಆ ಅಡುಗೆಯವರು ಈಗ ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಹೋಗುತ್ತಾರೆ. ಹದಿನಾಲ್ಕು ತಿಂಗಳ ಹಿಂದಿನ ಆ 2.6ನ್ನು ಆಗಲೇ ಮೂತ್ರಪಿಂಡದ ವೈದ್ಯರೊಬ್ಬರು ನೋಡಿದ್ದರೆ ಡಯಾಲಿಸಿಸ್ ಇಷ್ಟು ಬೇಗ ಬರುತ್ತಿರಲಿಲ್ಲವೇನೋ ಎಂಬ ಯೋಚನೆ ನನ್ನನ್ನು ಬಿಟ್ಟಿಲ್ಲ. ಅಂಕಿ ಕಾಗದದ ಮೇಲೆ ಇತ್ತು. ನೋಡಬೇಕಾದವರ ಕಣ್ಣಿಗೆ ಬೀಳಲಿಲ್ಲ.

ಅವರ ಔಷಧಿ ಮತ್ತು ಪ್ರಯಾಣದ ಖರ್ಚನ್ನು ನೆರವು ನಿಧಿ ನೋಡಿಕೊಳ್ಳುತ್ತಿದೆ. ಅವರಂಥವರ ಅರ್ಜಿ ಇನ್ನೂ ಬರುತ್ತಿವೆ. ನಿಮ್ಮ ದೇಣಿಗೆ ಎಂದಿನಂತೆ ಬೇಕು. ಈ ಸಲ ಅದರ ಜೊತೆಗೆ ನಿಮ್ಮ ಸಮಯವನ್ನೂ ಕೇಳುತ್ತಿದ್ದೇನೆ. ಭಾನುವಾರ ಬೆಳಿಗ್ಗೆ ಎರಡು ಗಂಟೆ ಸಂಘದ ಕಚೇರಿಗೆ ಬಂದು, ಒಂದು ಮನೆಯ ಕಾಗದದ ಚೀಲವನ್ನು ದಿನಾಂಕದಂತೆ ಜೋಡಿಸಿ, ಸ್ಕ್ಯಾನ್ ಮಾಡಿ, ಅವರ ಫೋನಿನಲ್ಲೇ ಇಟ್ಟುಕೊಡುವ ಸ್ವಯಂಸೇವಕರು ಬೇಕಾಗಿದ್ದಾರೆ. ಕಂಪ್ಯೂಟರ್ ಬಲ್ಲ ನಿಮ್ಮ ಮಕ್ಕಳನ್ನೂ ಕರೆತನ್ನಿ. ಯಾರ ದಾಖಲೆಯ ಪ್ರತಿಯನ್ನೂ ಸಂಘ ಇಟ್ಟುಕೊಳ್ಳುವುದಿಲ್ಲ. ಅದು ರೋಗಿಯ ಸೊತ್ತು.

ಮೊದಲ ಭಾನುವಾರ ಆ ಹುಡುಗಿಯೂ ಬರುತ್ತೇನೆ ಎಂದಿದ್ದಾಳೆ, ಕಲಿಯಲು ಅಲ್ಲ, ಕಲಿಸಲು.