ಅಂತರಜಾಲ ದೂರವಾಣಿ: ಸ್ಥಾಪನೆ ಮತ್ತು ದೋಷಶೋಧನೆ

ಹಳೆಯ ತಂತಿ ದೂರವಾಣಿಗೆ ವಿನಿಮಯ ಕೇಂದ್ರದಿಂದಲೇ ಸುಮಾರು 48 ವೋಲ್ಟಿನ ವಿದ್ಯುತ್ತು ಬರುತ್ತಿತ್ತು. ಮೇಜಿನ ಮೇಲಿನ ಅಂತರಜಾಲ ದೂರವಾಣಿಯಾದರೋ ಕಚೇರಿಯ ವಿದ್ಯುತ್ತನ್ನೇ ಅವಲಂಬಿಸಿದೆ. ಆದುದರಿಂದ ಸ್ಥಾಪಿಸುವಾಗಲೇ ದೂರವಾಣಿ, ಸ್ವಿಚ್ಚು, ರೂಟರು ಮೂರಕ್ಕೂ ಬ್ಯಾಟರಿಯ ಆಸರೆ ಒದಗಿಸತಕ್ಕದ್ದು. ಇಲ್ಲವಾದರೆ ವಿದ್ಯುತ್ತು ಹೋದ ಗಳಿಗೆಯಲ್ಲಿ ವೈದ್ಯರನ್ನು ಕರೆಯಲೂ ಅದು ನೆರವಾಗದು.

ದೋಷ ಕಂಡಾಗ ಕ್ರಮ ತಪ್ಪಬಾರದು. ಪರದೆ ಬೆಳಗದಿದ್ದರೆ ವಿದ್ಯುತ್ತನ್ನು, ಬೆಳಗಿಯೂ ಜಾಲದ ವಿಳಾಸ ದೊರೆಯದಿದ್ದರೆ ಕೇಬಲ್ಲನ್ನೂ ರೂಟರನ್ನೂ, ವಿಳಾಸವಿದ್ದೂ ನೋಂದಣಿಯಾಗದಿದ್ದರೆ ಬಳಕೆದಾರನ ಹೆಸರು, ಗುಪ್ತಪದ, ಸರ್ವರಿನ ವಿಳಾಸಗಳನ್ನು ಪರೀಕ್ಷಿಸಬೇಕು. ಗಂಟೆ ಬಾರಿಸಿಯೂ ಒಂದು ಕಡೆಯ ಮಾತು ಮಾತ್ರವೇ ಕೇಳಿಸುವುದುಂಟು. ಕರೆಯ ಸಂಕೇತ ‘ಸಿಪ್’ ವಿಧಾನದಲ್ಲಿ, ಧ್ವನಿ ‘ಆರ್‌ಟಿಪಿ’ ವಿಧಾನದಲ್ಲಿ ಬೇರೆಬೇರೆಯಾಗಿ ಸಾಗುತ್ತವೆ. ಸಂಕೇತಕ್ಕೆ ದಾರಿಬಿಟ್ಟ ರೂಟರು ಧ್ವನಿಯನ್ನು ತಡೆದಿರಬಹುದು. ಇದನ್ನರಿತವನು ಉಪಕರಣವನ್ನು ಬದಲಿಸಹೊರಡುವ ಮುನ್ನ ರೂಟರಿನ ವಿನ್ಯಾಸವನ್ನು ನೋಡುತ್ತಾನೆ.