ತೋಟಾ ಮೊದಲು, ರೈಫಲ್ ಆಮೇಲೆ

ಪ್ರಶ್ನೆ: ನನ್ನೂರು ಸೋಮವಾರಪೇಟೆ, ಈಗ ಇರುವುದು ಅಮೆರಿಕದ ಕೊಲರಾಡೊದಲ್ಲಿ. ಇಲ್ಲಿನ ಗೆಳೆಯರಿಂದ ಕರಿಮದ್ದಿನ ತೋಟಾ ಹೊಡೆಯುವುದನ್ನು ಕಲಿತೆ. ಪರವಾನಗಿ ಇರುವ ಕೋವಿ ಕುಶಲಕರ್ಮಿಯೊಬ್ಬರಿಂದ ನನ್ನ ಅಳತೆಗೆ ಒಂಟಿ ಈಡಿನ ರೈಫಲ್ ಮಾಡಿಸುವ ಆಸೆ. ಶಾರ್ಪ್ಸ್ ಮಾದರಿಯೋ, ಹೈವಾಲ್ ಮಾದರಿಯೋ?

ಉತ್ತರ: ಯಾವ ತೋಟಾ ಎಂದು ತೀರ್ಮಾನವಾಗದೆ ರೈಫಲ್ಲಿನ ಮಾತು ಬೇಡ. ಗುಂಡಿನ ಉದ್ದ ನೋಡಿ ನಳಿಗೆಯ ಸುರುಳಿ ಗೀರು, ಮದ್ದಿನ ತೂಕ ನೋಡಿ ಹೆಗಲಿಗೆ ಬೀಳುವ ಒದೆತ, ಒದೆತ ನೋಡಿ ರೈಫಲ್ಲಿನ ತೂಕ. ಕಡೆಗೆ ಮರದ ಹಿಡಿಯ ಆಕಾರವೂ ತೋಟಾದ ಆ ಹಿತ್ತಾಳೆ ಕೊಳವೆಯ ಮಾತನ್ನೇ ಕೇಳುತ್ತದೆ.

.45-70 ಆರಿಸಿಕೊಳ್ಳಿ. 1873ರಲ್ಲಿ ಅಮೆರಿಕದ ಸೇನೆಗೆ ಬಂದ ತೋಟಾ ಇದು. 45 ಎಂದರೆ ಇಂಚಿನ ನೂರರಲ್ಲಿ 45 ಪಾಲು ಅಗಲ. 70 ಎಂದರೆ 70 ಗ್ರೇನ್, ಸುಮಾರು ನಾಲ್ಕೂವರೆ ಗ್ರಾಂ ಕರಿಮದ್ದು. ಕೊಳವೆ ಇವತ್ತಿಗೂ ಹೊಸದಾಗಿ ಸಿಗುತ್ತದೆ. .45-110 ಎಂದೊಡನೆ ಕಾಡೆಮ್ಮೆ ಬೇಟೆಯ ಕಾಲ ನೆನಪಾಗಿ ಮನಸ್ಸು ಅತ್ತ ಎಳೆಯುತ್ತದೆ, ಬಲ್ಲೆ. ಸ್ಪರ್ಧೆಯಲ್ಲಿ ದಿನಕ್ಕೆ 60 ಈಡು ಹೊಡೆಯಬೇಕಾದವರ ಹೆಗಲಿಗೆ ಅದು ಸಲ್ಲದು.

ಇನ್ನು ನಿಮ್ಮ ಪ್ರಶ್ನೆ. ಎರಡೂ ಮಾದರಿಗಳಲ್ಲಿ ಸನ್ನೆ ಕೆಳಗೆಳೆದರೆ ಉಕ್ಕಿನ ದಿಮ್ಮಿ ಜಾರಿ ನಳಿಗೆಯ ಹಿಂಬದಿ ತೆರೆಯುತ್ತದೆ. ಶಾರ್ಪ್ಸ್‌ನ ಸುತ್ತಿಗೆ ಪಕ್ಕದಲ್ಲಿ, ದೊಡ್ಡದು, ಬೀಳಲು ಹೊತ್ತು ಹಿಡಿಯುತ್ತದೆ. ಹೈವಾಲ್ ಜಾನ್ ಬ್ರೌನಿಂಗ್‌ನ ಸೃಷ್ಟಿ. ಅವನಿಗೆ 1879ರಲ್ಲಿ ಪೇಟೆಂಟ್ ಸಿಕ್ಕಿತು, 1883ರಲ್ಲಿ ವಿಂಚೆಸ್ಟರ್ ಕಂಪನಿ ಅದನ್ನು 8,000 ಡಾಲರಿಗೆ ಕೊಂಡು 1885ರಲ್ಲಿ ಮಾರುಕಟ್ಟೆಗೆ ತಂದಿತು. ಅದರ ಸುತ್ತಿಗೆ ನಡುವೆ ಇದೆ, ಚುರುಕಾಗಿ ಬೀಳುತ್ತದೆ. ನಿಮ್ಮಲ್ಲಿನ ಲೋಹದ ಗೊಂಬೆ ಸ್ಪರ್ಧೆಯಲ್ಲಿ 200 ಮೀಟರ್ ದೂರದ ಕೋಳಿ ಗೊಂಬೆಯನ್ನು ನಿಂತೇ ಹೊಡೆಯಬೇಕು. ಕುದುರೆ ಎಳೆದ ಮೇಲೆ ಕೈ ಅಲುಗಲು ಸಿಗುವ ಆ ಒಂದು ಕ್ಷಣವೇ ಕೋಳಿಯನ್ನು ಉಳಿಸಿಬಿಡುತ್ತದೆ. ಹಾಗಾಗಿ ನನ್ನ ಮತ ಹೈವಾಲ್‌ಗೆ. ಶಾರ್ಪ್ಸ್ ಕೀಳೆಂದಲ್ಲ. 1874ರಲ್ಲಿ ನ್ಯೂಯಾರ್ಕ್ ಬಳಿಯ ಕ್ರೀಡ್‌ಮೂರ್ ಮೈದಾನದಲ್ಲಿ ಅಮೆರಿಕದವರು ಶಾರ್ಪ್ಸ್ ಮತ್ತು ರೆಮಿಂಗ್ಟನ್ ಹಿಡಿದು, ಬಾಯಿಯಿಂದ ಮದ್ದು ತುಂಬುವ ರೈಫಲ್‌ಗಳ ಐರ್ಲೆಂಡ್ ತಂಡವನ್ನು 934–931ರಿಂದ ಸೋಲಿಸಿದರು. ಅಲ್ಲಿ ಗುರಿಯ ದೂರ 800ರಿಂದ 1,000 ಗಜ.

ಪ್ರಶ್ನೆ: ಮೈಸೂರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ, ಸರ್. ನಳಿಗೆಯೊಳಗಿನ ಗೀರು ಎಷ್ಟು ಇಂಚಿಗೆ ಒಂದು ಸುತ್ತು ಬರಬೇಕೆಂದು ಹೇಗೆ ಲೆಕ್ಕ ಹಾಕುತ್ತಾರೆ?

ಉತ್ತರ: 1879ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಗ್ರೀನ್‌ಹಿಲ್ ಕೊಟ್ಟ ಸೂತ್ರ ಸೀಸದ ಗುಂಡಿಗೆ ಇನ್ನೂ ಚೆನ್ನಾಗಿ ನಡೆಯುತ್ತದೆ. ಗುಂಡಿನ ವ್ಯಾಸದ ವರ್ಗವನ್ನು 150ರಿಂದ ಗುಣಿಸಿ, ಗುಂಡಿನ ಉದ್ದದಿಂದ ಭಾಗಿಸು. ವ್ಯಾಸ 0.458 ಇಂಚು, ಉದ್ದ 1.4 ಇಂಚು ಎಂದಿಟ್ಟುಕೋ, ಸುಮಾರು 22.5 ಇಂಚಿಗೆ ಒಂದು ಸುತ್ತು ಎಂದಾಯಿತು. ಆ ಕಾಲದ ಅಮೆರಿಕನ್ ಸೇನೆಯ ರೈಫಲ್‌ಗಳಲ್ಲಿದ್ದದ್ದೂ 22 ಇಂಚೇ. ಹಾಗಿದ್ದೂ ಇಂದಿನ ಸ್ಪರ್ಧಿಗಳು 18 ಇಂಚು ಕೇಳುತ್ತಾರೆ. ಕರಿಮದ್ದಿನ ಗುಂಡು ನಳಿಗೆ ಬಿಡುವಾಗ ಶಬ್ದಕ್ಕಿಂತ ಸ್ವಲ್ಪವೇ ವೇಗ, 500 ಮೀಟರ್ ಮುಟ್ಟುವಷ್ಟರಲ್ಲಿ ಶಬ್ದಕ್ಕಿಂತ ನಿಧಾನ. ಆ ಗಡಿ ದಾಟುವಾಗ ಉದ್ದ ಗುಂಡು ತೂರಾಡುತ್ತದೆ. ಹೆಚ್ಚು ಸುತ್ತು ಇದ್ದರೆ ಬುಗುರಿಯಂತೆ ನೆಟ್ಟಗೆ ನಿಲ್ಲುತ್ತದೆ.

ಪ್ರಶ್ನೆ: ಮಡಿಕೇರಿ ಹತ್ತಿರದ ನಮ್ಮ ಐನ್‌ಮನೆಯಲ್ಲಿ ಮುತ್ತಜ್ಜನ ಮಾರ್ಟಿನಿ-ಹೆನ್ರಿ ಇದೆ. ಕೈಲ್‌ಪೊಳ್ದ್ ಹಬ್ಬಕ್ಕೆ ತೋಕ್ ಪೂ ಎಂಬ ಹೂವಿಟ್ಟು ಪೂಜಿಸುತ್ತೇವೆ. ಹೊಸ ನಳಿಗೆ ಹಾಕಿಸಿ, ಈಗಿನ ಮದ್ದು ತುಂಬಿ ಹೊಡೆಯಬಹುದೇ?

ಉತ್ತರ: ದಯವಿಟ್ಟು ಬೇಡ. ಮಾರ್ಟಿನಿ-ಹೆನ್ರಿ 1871ರಲ್ಲಿ ಬ್ರಿಟಿಷ್ ಸೇನೆ ಸೇರಿದ್ದು. ಅದರ ತೋಟಾಕ್ಕೆ 85 ಗ್ರೇನ್ ಕರಿಮದ್ದು, 480 ಗ್ರೇನ್ ಸೀಸ. ಫ್ರಾನ್ಸಿನ ಪಾಲ್ ವಿಯೆಲ್ ಈಗ ಬಳಸುವ ಹೊಗೆಯಿಲ್ಲದ ಮದ್ದು ಕಂಡುಹಿಡಿದದ್ದು 1884ರಲ್ಲಿ. ಅಂದರೆ ನಿಮ್ಮ ಕೋವಿಯನ್ನು ರೂಪಿಸಿದವರು ಅಂಥ ಮದ್ದನ್ನೇ ಕಂಡಿರಲಿಲ್ಲ. ಅದನ್ನು ತುಂಬಿದರೆ ಒತ್ತಡ ತಾಳದೆ ಕೋವಿ ಹೊಡೆಯುವವರ ಮುಖದ ಮುಂದೆಯೇ ಸಿಡಿಯಬಹುದು. ಕರಿಮದ್ದನ್ನೇ ಅರ್ಧ ತುಂಬಿ ಹೊಡೆಯೋಣ ಎನ್ನುವವರೂ ಇದ್ದಾರೆ. ಅದೂ ಅಪಾಯವೇ. ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ ಉಳಿದರೆ ನಳಿಗೆ ಉಬ್ಬಿಕೊಳ್ಳುತ್ತದೆ, ಸೀಳಲೂಬಹುದು.

ಕಾನೂನಿನ ಮಾತೂ ಇದೆ. ಕೊಡವರಿಗೂ ಕೊಡಗಿನ ಜಮ್ಮಾ ಜಮೀನಿನ ಹಿಡುವಳಿದಾರರಿಗೂ 2029ರವರೆಗೆ ಸಿಕ್ಕಿರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ. ಕೋವಿ ತಯಾರಿಸಲು, ಮಾರ್ಪಡಿಸಲು 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬೇರೆ ಪರವಾನಗಿ ಬೇಕು. ಹಾಗಾಗಿ ಊರಿನ ಲೇತ್ ಅಂಗಡಿಗೆ ಅದನ್ನು ಒಯ್ಯಬೇಡಿ. ಬಲಗಡೆ ಕಿರೀಟದ ಮುದ್ರೆ, ಅದರ ಕೆಳಗೆ ಇಸವಿ ಇದೆಯೇ ನೋಡಿ, ಇದ್ದರೆ ಫೋಟೊ ತೆಗೆದಿಡಿ. ಆ ಮೂಲ ನಳಿಗೆ ಹೋದರೆ ಮುತ್ತಜ್ಜನ ಕೋವಿಯ ಅರ್ಧ ಚರಿತ್ರೆ ಹೋದಂತೆ. ನನಗೆ ಸಂಕಟವಾಗುವುದು ಅದಕ್ಕೇ.

ಪ್ರಶ್ನೆ: ಕರಿಮದ್ದು ಹೊಡೆದ ನಳಿಗೆಗೆ ನೀರು ಹಾಕಬಹುದೇ? ತುಕ್ಕು ಹಿಡಿಯುವುದಿಲ್ಲವೇ?

ಉತ್ತರ: ನೀರೇ ಹಾಕಬೇಕು. ಪೆಟ್ಲುಪ್ಪು, ಇದ್ದಲು, ಗಂಧಕ ಉರಿದು ಉಳಿಯುವ ಕಿಟ್ಟ ಗಾಳಿಯ ತೇವ ಹೀರುತ್ತದೆ. ತುಕ್ಕು ತರುವುದು ಅದು. ಎಣ್ಣೆಗೆ ಕರಗದ ಕಿಟ್ಟ ನೀರಿಗೆ ಕರಗುತ್ತದೆ. ಹೊಡೆದ ದಿನವೇ ತೊಳೆದು, ಬಟ್ಟೆ ಒಣಗಿ ಬರುವವರೆಗೆ ಒರೆಸಿ, ಆಮೇಲೆ ಎಣ್ಣೆ ಸವರಿ. ಹಿತ್ತಾಳೆ ಕೊಳವೆಗಳನ್ನೂ ಅದೇ ರಾತ್ರಿ ಸಾಬೂನು ನೀರಿಗೆ ಹಾಕಿ.