ಕಾಡಿನ ಚಿತ್ರ ನೋಡುವಾಗ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಬಂಧುಗಳೇ, ನಮ್ಮ ಪಕ್ಕದ ಕಾಡಿನ ಬಗ್ಗೆ ಬಂದಿರುವ ಚಿತ್ರಗಳನ್ನು ಬಿಡದೆ ನೋಡಿ. ಆದರೆ ಕಣ್ಣಿನ ಜೊತೆಗೆ ವಿವೇಕವನ್ನೂ ತೆರೆದಿಟ್ಟು ನೋಡಿ.

1937ರ ‘ಎಲಿಫೆಂಟ್ ಬಾಯ್’ ನೋಡಲೇಬೇಕು. ಅದರ ನಾಯಕ ಸಾಬು, ಕೋಟೆ ತಾಲ್ಲೂಕಿನ ಕಾರಾಪುರದ ಮಾವುತನ ಮಗ. ಆನೆಯ ಮೇಲೆ ಆ ಹುಡುಗ ಕೂರುವ ಸಲೀಸು ಅಭಿನಯವಲ್ಲ, ಬದುಕು. ಕತೆ ಮಾತ್ರ ಇಂಗ್ಲಿಷ್ ಲೇಖಕ ಕಿಪ್ಲಿಂಗನದು, ದೊರೆಗಳ ಕಣ್ಣಿನದು. ಮಾಸ್ತಿಯವರ ನಾಟಕ ಆಧರಿಸಿ ಸಿ.ಆರ್. ಸಿಂಹ ನಿರ್ದೇಶಿಸಿದ ‘ಕಾಕನಕೋಟೆ’ ನನಗೆ ಹೆಚ್ಚು ಹತ್ತಿರ. ಅಲ್ಲಿ ಕಾಡುಕುರುಬರು ಹಿನ್ನೆಲೆಯಲ್ಲಿ ನಿಂತವರಲ್ಲ, ಕತೆಯನ್ನು ನಡೆಸುವವರು.

‘ವೈಲ್ಡ್ ಕರ್ನಾಟಕ’ ಸಾಕ್ಷ್ಯಚಿತ್ರದ ಛಾಯಾಗ್ರಹಣ ಅದ್ಭುತ, ಕಾಡಂಚಿನ ಜನರಿಗೆ ಮಾತ್ರ ಅದರಲ್ಲಿ ಜಾಗ ಕಡಿಮೆ. 2022ರ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ತಾರೆಯ ಠೀವಿ ಬಿಟ್ಟು ಕಲಿಯುವವರಂತೆ ನಡೆಯುತ್ತಾರೆ. ಮಕ್ಕಳಿಗೆ ಮೊದಲು ಇದನ್ನೇ ತೋರಿಸಿ.

ಒಂದು ಮಾತು ನೆನಪಿರಲಿ. ಪರದೆಯ ಒಂದು ಗಂಟೆಯ ಹಿಂದೆ ತಿಂಗಳುಗಟ್ಟಲೆ ಕಾಯುವಿಕೆ ಇರುತ್ತದೆ. ಪರದೆಯಲ್ಲಿ ಕಂಡದ್ದನ್ನು ನಂಬಿ ನಾಗರಹೊಳೆಯ ರಸ್ತೆಯಲ್ಲಿ ಗಾಡಿ ನಿಲ್ಲಿಸಿ, ಆನೆಯ ವಿಡಿಯೋ ಮಾಡಲು ಇಳಿಯಬೇಡಿ. ಬೆಳೆ ಕಾಯುವ ರೈತನಿಗೆ, ಹಾಡಿಯ ಜೇನುಕುರುಬ ಹಿರಿಯರಿಗೆ ಈ ಚಿತ್ರಗಳನ್ನು ತೋರಿಸಿ, ‘ಇದು ನಿಜವೇ?’ ಎಂದು ಕೇಳಿ. ಅವರು ಹೇಳುವುದನ್ನು ಕೇಳಿದ ಮೇಲೆಯೇ ನಿಮ್ಮ ಅಭಿಪ್ರಾಯ ಕಟ್ಟಿಕೊಳ್ಳಿ.